ಬಚ್ಚಲ ನೀರಿಗೂ ಒಂದು ಹೆಪ್ಪು!

ಪಾತ್ರೆ ತೊಳೆದಿರಿ. ಸಿಂಕಿನ ಬಾಯಿಗೆ ಒಂದು ಚೆಂಬು ನೀರು ಹುಯ್ದು ಸೆರಗಿಗೆ ಕೈ ಒರೆಸಿಕೊಂಡಿರಿ. ಅಲ್ಲಿಗೆ ನಮ್ಮ ಕೆಲಸ ಮುಗೀತು. ಆದರೆ ಆ ನೀರಿನ ಕೆಲಸ ಶುರುವಾಗೋದೇ ಆಮೇಲೆ! ಮನೆ ಮುಂದಿನ ಮೋರಿಯಲ್ಲಿ ಅದು ಎರಡು ದಿನ ನಿಂತರೆ ಸಾಕು, ಕಪ್ಪಗಾಗಿ, ಗಬ್ಬೆದ್ದು, ಸಂಜೆ ಹೊತ್ತಿಗೆ ಸೊಳ್ಳೆಗಳ ಸಂತೆ. ಬಾಗಿಲು ಹಾಕಿಕೊಂಡು ಕೂತರೂ ವಾಸನೆ ಒಳಗೇ ಬರುತ್ತೆ.

ಈ ಮೋರಿ ನೀರಿಗೆ ಹಣ್ಣಿನ ಸಿಪ್ಪೆ, ಬೆಲ್ಲ ಕೊಳೆಸಿದ ದ್ರಾವಣ ಹಾಕಿದರೆ ವಾಸನೆ ಹೋಗುತ್ತಂತೆ, ನಿಜವಾ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಈಗ ನಾಲ್ಕು ಜನ ಹೆಣ್ಣುಮಕ್ಕಳು ಸೇರಿದ ಕಡೆ ಈ ಪ್ರಶ್ನೆ ಬಂದೇ ಬರುತ್ತೆ. ಸಂಘದ ಮೀಟಿಂಗಿನಲ್ಲಿ ಒಬ್ಬರು ಬಾಟಲಿ ತಂದು ತೋರಿಸುತ್ತಾರೆ, ಇನ್ನೊಬ್ಬರು ಮೂಗು ಮುರಿಯುತ್ತಾರೆ. ಇಬ್ಬರದ್ದೂ ಅರ್ಧರ್ಧ ಸರಿ. ಹೇಗೆ ಅಂತ ನೋಡೋಣ ಬನ್ನಿ.

ಹೆಪ್ಪಿನ ಲೆಕ್ಕ ನಿಮಗೆ ಗೊತ್ತಿರೋದೇ

ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟರೆ ಬೆಳಗಾಗುವುದರೊಳಗೆ ಮೊಸರು. ದೋಸೆ ಹಿಟ್ಟು ರುಬ್ಬಿ ಮುಚ್ಚಿಟ್ಟರೆ ಹುದುಗು ಬಂದು ಪಾತ್ರೆ ಮೀರುತ್ತೆ. ರಾಗಿ ಅಂಬಲಿ ಹುಳಿಯೋದೂ ಹಾಗೇ. ಇಲ್ಲೆಲ್ಲ ದುಡಿಯೋದು ಕಣ್ಣಿಗೆ ಕಾಣದ ಜೀವಾಣುಗಳು. ಒಳ್ಳೆ ಜೀವಾಣು ಮೊದಲೇ ಬಂದು ಜಾಗ ಹಿಡಿದರೆ ಕೆಟ್ಟದ್ದಕ್ಕೆ ಜಾಗ ಇರೋದಿಲ್ಲ, ಅದಕ್ಕೇ ಮೊಸರು ಕೊಳೆಯುವುದಿಲ್ಲ, ಹುಳಿಯುತ್ತೆ.

ಕೊಳಚೆ ನೀರಲ್ಲೂ ನಡೆಯೋದು ಇದೇ ಪೈಪೋಟಿ. ಅನ್ನದ ಅಗುಳು, ಎಣ್ಣೆ ಜಿಡ್ಡು, ಸೋಪಿನ ನೊರೆ, ಎಲ್ಲವೂ ಜೀವಾಣುಗಳಿಗೆ ಊಟವೇ. ನೀರಲ್ಲಿ ಗಾಳಿ ಬೆರೆತಿದ್ದರೆ ಗಾಳಿ ಬೇಕಾದ ಜೀವಾಣುಗಳು ಈ ಊಟವನ್ನು ವಾಸನೆಯಿಲ್ಲದೆ ತಿಂದು ಮುಗಿಸುತ್ತವೆ. ನೀರು ನಿಂತು ಗಾಳಿ ಖಾಲಿಯಾಯಿತೋ, ಬೇರೆ ಜಾತಿಯವು ಎದ್ದು ಕೂರುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತಲ್ಲ, ಅದು ಇವು ಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲ. ಚರಂಡಿಯ ಹೂಳು ಇದ್ದಿಲಿನಂತೆ ಕಪ್ಪಾಗೋದಕ್ಕೂ ಅದೇ ಕಾರಣ, ಆ ಅನಿಲ ಮಣ್ಣಿನ ಕಬ್ಬಿಣದ ಜೊತೆ ಸೇರಿ ಕಪ್ಪು ಬಣ್ಣ ಕಟ್ಟುತ್ತೆ.

ಕೊಳಚೆಗೆ ಹೆಪ್ಪು ಹಾಕುವ ಯೋಚನೆ ಹೊಸದಲ್ಲ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಕೊಳಚೆ ನೀರಿಗೆ ಗಾಳಿ ಊದಿ ನೋಡಿದರು. ಮೊದಲ ಸಲ ನೀರು ತಿಳಿಯಾಗೋದಕ್ಕೆ ವಾರಗಟ್ಟಲೆ ಬೇಕಾಯಿತು. ಅವರು ಜಾಣತನ ತೋರಿದ್ದು ಆಮೇಲೆ. ತಳದಲ್ಲಿ ಕೂತ ಗಸಿಯನ್ನು ಚೆಲ್ಲದೆ, ಮುಂದಿನ ಪಾಳಿಯ ನೀರನ್ನು ಅದರ ಮೇಲೇ ಹುಯ್ದರು. ಹೀಗೇ ಮಾಡುತ್ತಾ ಹೋದಂತೆ ವಾರಗಳ ಕೆಲಸ ಗಂಟೆಗಳಿಗೆ ಇಳೀತು. ನಿನ್ನೆಯ ಮೊಸರಲ್ಲಿ ಒಂದು ಚಮಚ ಉಳಿಸಿ ಇವತ್ತಿನ ಹಾಲಿಗೆ ಬಿಡೋದಲ್ಲದೆ ಇದು ಇನ್ನೇನು ಹೇಳಿ! ಇವತ್ತಿಗೂ ದೊಡ್ಡ ನಗರಗಳ ಶುದ್ಧೀಕರಣ ಘಟಕಗಳಲ್ಲಿ ಬಹುಪಾಲು ನಡೆಯೋದು ಈ ವಿಧಾನವೇ. ಅವರಿಬ್ಬರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ ಎರಡು ವರ್ಷದ ನಂತರ, 1916ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅಂದರೆ ಕೊಳಚೆಯ ಹೆಪ್ಪಿನ ವಿದ್ಯೆ ನಮ್ಮ ರಾಜ್ಯಕ್ಕೆ ಬಂದು ನೂರು ವರ್ಷ ದಾಟಿದೆ.

ಬಾಟಲಿ ದ್ರಾವಣದ ಕಥೆ ಬೇರೆ. ಜಪಾನಿನ ಒಕಿನಾವಾದ ರ್ಯೂಕ್ಯೂ ವಿಶ್ವವಿದ್ಯಾಲಯದಲ್ಲಿ ತೋಟಗಾರಿಕೆ ಪ್ರಾಧ್ಯಾಪಕರಾಗಿದ್ದ ತೆರುವೊ ಹಿಗಾ 1980ರ ದಶಕದ ಆರಂಭದಲ್ಲಿ ಮೊಸರಿನ ಜಾತಿಯ ಜೀವಾಣು, ಯೀಸ್ಟ್, ಬೆಳಕಲ್ಲಿ ಬದುಕುವ ಜೀವಾಣುಗಳನ್ನು ಒಟ್ಟಿಗೆ ಬೆಳೆಸಿ 'ಇ.ಎಂ.' ಅಂತ ಹೆಸರಿಟ್ಟರು. ಮೊದಲು ಇದ್ದಿದ್ದು ಬೇಸಾಯಕ್ಕೆ, ಆಮೇಲೆ ಕಸ, ಕೊಳಚೆಗೂ ಬಂತು. ಹಣ್ಣಿನ ಸಿಪ್ಪೆಯ ಬಯೋ ಎಂಜೈಮ್ ಥಾಯ್ಲೆಂಡಿನ ರೋಸುಕಾನ್ ಪೂಂಪನ್ವಾಂಗ್ ಎಂಬ ಮಹಿಳೆಯಿಂದ ಜನಪ್ರಿಯ ಆಗಿದ್ದು. ನಮ್ಮ ರೈತರ ಜೀವಾಮೃತವೂ ಇದೇ ಬಳಗದ್ದು. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, ಇಷ್ಟೇ.

ಮಾಡೋದು ಹೇಗೆ?

ಹಿರಿಯೂರು, ಹೊಸದುರ್ಗದ ಕಡೆಯವರಿಗೆ ದಾಳಿಂಬೆ ಸಿಪ್ಪೆಗೆ ಬರವಿಲ್ಲ. ಜೊತೆಗೆ ನಿಂಬೆ, ಮೋಸಂಬಿ, ಕಿತ್ತಳೆ, ಅನಾನಸ್ ಸಿಪ್ಪೆ ಸೇರಿಸಿದರೆ ವಾಸನೆ ಚೆನ್ನಾಗಿರುತ್ತೆ. ಲೆಕ್ಕ ನೆನಪಿಡೋದು ಸುಲಭ: ಒಂದು, ಮೂರು, ಹತ್ತು. ಬೆಲ್ಲ 100 ಗ್ರಾಂ, ಸಿಪ್ಪೆ 300 ಗ್ರಾಂ, ನೀರು 1 ಲೀಟರ್. ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಒಂದು ರಾತ್ರಿ ಬಾಯಿ ತೆರೆದಿಟ್ಟು ಆಮೇಲೆ ಬಳಸಿ. ಕಪ್ಪು ಬೆಲ್ಲ, ಕರಗಿದ ಬೆಲ್ಲ, ಯಾವುದಾದರೂ ಆದೀತು. ಪಾಯಸಕ್ಕೆ ಬೇಕಾದ ಬೆಲ್ಲ ಇಲ್ಲಿ ಬೇಡ.

ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿ, ಮೇಲೆ ಕಾಲು ಭಾಗ ಖಾಲಿ ಬಿಡಿ. ಗಾಜಿನ ಬಾಟಲಿ ಖಂಡಿತ ಬೇಡ. ಒಳಗೆ ಗ್ಯಾಸ್ ಏಳುತ್ತೆ, ಬಿಗಿಯಾಗಿ ಮುಚ್ಚಿಟ್ಟರೆ ಒಡೆದು ಚೂರು ಸಿಡಿಯಬಹುದು. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ 'ಬುಸ್' ಅನ್ನಿಸಿ, ಮತ್ತೆ ಮುಚ್ಚಿ. ಎರಡನೇ ತಿಂಗಳಿಂದ ವಾರಕ್ಕೊಮ್ಮೆ ಸಾಕು. ಬಿಸಿಲು ಬೀಳದ ಮೂಲೆಯಲ್ಲಿಡಿ, ಮಕ್ಕಳು ಜ್ಯೂಸ್ ಅಂತ ಕುಡಿಯದ ಹಾಗೆ ಎತ್ತರದಲ್ಲಿಡಿ, ಮೇಲೆ ತಾರೀಕು ಬರೆದು ಅಂಟಿಸಿ. ಮೂರು ತಿಂಗಳಿಗೆ ಕಂದು ಬಣ್ಣದ, ಹುಳಿ ವಾಸನೆಯ ದ್ರಾವಣ ಸಿದ್ಧ. ಮೇಲೆ ಬಿಳಿ ಪೊರೆ ಕಟ್ಟಿದರೆ ಗಾಬರಿ ಬೇಡ. ಕಪ್ಪು ಬೂಷ್ಟು ಬಂದು ಕೊಳೆತ ವಾಸನೆ ಹೊಡೆದರೆ ಮಾತ್ರ ಇನ್ನೊಂದು ಹಿಡಿ ಬೆಲ್ಲ ಹಾಕಿ ತಿಂಗಳು ಕಾಯಿರಿ. ಬೇಯಿಸಿದ ಅನ್ನ, ಸಾರು, ಎಣ್ಣೆ ತಾಗಿದ್ದು, ಮೀನು, ಮಾಂಸ ಯಾವುದನ್ನೂ ಇದಕ್ಕೆ ಹಾಕಬೇಡಿ.

ಮೂರು ತಿಂಗಳು ಕಾಯೋಕೆ ತಾಳ್ಮೆ ಇಲ್ವಾ? ಅಕ್ಕಿ ತೊಳೆದ ನೀರಿನ ದಾರಿ ಇದೆ. ಮೊದಲ ಸಲ ತೊಳೆದ ಗಟ್ಟಿ ನೀರನ್ನು ತೆಳು ಬಟ್ಟೆ ಕಟ್ಟಿ ಎರಡು ಮೂರು ದಿನ ಇಡಿ, ಹುಳಿ ವಾಸನೆ ಬರುತ್ತೆ. ಅದರ ಹತ್ತರಷ್ಟು ಹಾಲು ಸೇರಿಸಿ ಐದಾರು ದಿನ ಬಿಟ್ಟರೆ ಮೇಲೆ ಗಿಣ್ಣದಂಥ ಗಟ್ಟಿ, ಕೆಳಗೆ ತಿಳಿ ಹಳದಿ ನೀರು. ಆ ಹಳದಿ ನೀರಲ್ಲಿ ಮೊಸರಿನ ಜಾತಿಯ ಜೀವಾಣು ತುಂಬಿರುತ್ತೆ. ಸಮ ತೂಕದ ಬೆಲ್ಲ ಕಲಸಿಟ್ಟರೆ ತಿಂಗಳುಗಟ್ಟಲೆ ಬರುತ್ತೆ. ಹಾಲಿನ ಬೆಲೆ ನೋಡಿದರೆ ನನಗೇನೋ ಸಿಪ್ಪೆಯದೇ ವಾಸಿ ಅನ್ನಿಸುತ್ತೆ. ದನ ಕಟ್ಟಿದ ಮನೆಯವರಿಗೆ ಇದು ಸುಲಭ.

ಎಲ್ಲಿ ಉಪಯೋಗ, ಎಲ್ಲಿ ಅಲ್ಲ?

ಸಿಂಕಿನ ಪೈಪು, ಬಚ್ಚಲ ಜಾಲರಿ: ವಾರಕ್ಕೆರಡು ಸಲ ರಾತ್ರಿ ಮಲಗುವ ಮುಂಚೆ ಒಂದು ಲೋಟ ದ್ರಾವಣ ಹುಯ್ದು ಬಿಡಿ. ಬೆಳಗಿನವರೆಗೆ ನೀರು ಬಿಡಬೇಡಿ. ಪೈಪಿನ ಒಳಗೋಡೆಗೆ ಅಂಟಿದ ಲೋಳೆ ಸಡಿಲವಾಗುತ್ತೆ, ವಾಸನೆ ಕಡಿಮೆ ಆಗುತ್ತೆ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಗಡಸು. ನಲ್ಲಿ, ಬಕೆಟ್ಟು, ಬಾತ್‌ರೂಂ ಟೈಲ್ಸ್ ಮೇಲೆ ಬಿಳಿ ಪದರ ಕಟ್ಟುತ್ತಲ್ಲ, ಅದಕ್ಕೆ ಈ ಹುಳಿ ದ್ರಾವಣ ಒಳ್ಳೆ ಮದ್ದು. ಬಟ್ಟೆ ಅದ್ದಿ ಸುತ್ತಿ ಅರ್ಧ ಗಂಟೆ ಬಿಟ್ಟು ಉಜ್ಜಿ. ಆದರೆ ಅಡುಗೆ ಕಟ್ಟೆ ಕಡಪ ಕಲ್ಲಿನದ್ದಾದರೆ, ನೆಲ ಮಾರ್ಬಲ್ ಆದರೆ ಹುಷಾರು. ಅವು ಸುಣ್ಣದ ಅಂಶದ ಕಲ್ಲು, ಹುಳಿ ಬಿದ್ದರೆ ಹೊಳಪು ಹೋಗಿ ಮಚ್ಚೆ ಬೀಳುತ್ತೆ. ಗ್ರಾನೈಟಿಗೆ ತೊಂದರೆ ಇಲ್ಲ.

ಇನ್ನೊಂದು ಮಾತು, ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಈ ದ್ರಾವಣವನ್ನು ಬ್ಲೀಚಿಂಗ್ ಪೌಡರ್ ಜೊತೆ ಯಾವತ್ತೂ ಬೆರೆಸಬೇಡಿ. ಹುಳಿ ಮತ್ತು ಬ್ಲೀಚಿಂಗ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತೆ, ಮುಚ್ಚಿದ ಬಾತ್‌ರೂಮಿನಲ್ಲಿ ಉಸಿರು ಕಟ್ಟುತ್ತೆ. ಎರಡರ ನಡುವೆ ಒಂದು ದಿನ ಅಂತರ ಇರಲಿ.

ಸೆಪ್ಟಿಕ್ ಟ್ಯಾಂಕ್: ಹೆಚ್ಚು ಮೋಸ ಹೋಗೋದು ಇಲ್ಲೇ. 'ಈ ದ್ರಾವಣ ಹಾಕಿದರೆ ಜೀವನಪೂರ್ತಿ ಟ್ಯಾಂಕ್ ತುಂಬೋದಿಲ್ಲ' ಅಂತ ಹೇಳಿ ಮಾರುವವರಿದ್ದಾರೆ. ನಂಬಬೇಡಿ. ಮನುಷ್ಯರ ಮಲದಲ್ಲೇ ಕೋಟಿಗಟ್ಟಲೆ ಜೀವಾಣುಗಳಿವೆ, ಟ್ಯಾಂಕಿಗೆ ಹೊರಗಿನ ಹೆಪ್ಪು ಬೇಕೇಬೇಕು ಅಂತಿಲ್ಲ. ಅವು ಎಷ್ಟು ತಿಂದರೂ ಕರಗದ ಗಸಿ ತಳದಲ್ಲಿ ಉಳಿದೇ ಉಳಿಯುತ್ತೆ. ಎರಡು ಮೂರು ವರ್ಷಕ್ಕೊಮ್ಮೆ ನಗರಸಭೆ, ಪುರಸಭೆಯವರ ಸಕ್ಕಿಂಗ್ ಯಂತ್ರ ಕರೆಸಿ ತೆಗೆಸಲೇಬೇಕು. ದ್ರಾವಣಕ್ಕಿಂತ ದೊಡ್ಡ ಉಪಕಾರ ಯಾವುದು ಗೊತ್ತಾ? ದಿನಾ ಟಾಯ್ಲೆಟ್ಟಿಗೆ ಆಸಿಡ್, ಫಿನಾಯಿಲ್ ಸುರಿಯೋದನ್ನು ನಿಲ್ಲಿಸೋದು. ಒಳಗೆ ದುಡಿಯುವ ಜೀವಾಣುಗಳನ್ನು ನಾವೇ ಕೊಂದು, ಆಮೇಲೆ ದುಡ್ಡು ಕೊಟ್ಟು ಬೇರೆ ಜೀವಾಣು ತಂದು ಹಾಕೋದು ಯಾವ ಜಾಣತನ? ಫಿನಾಯಿಲ್ ಬದಲು ಈ ಸಿಪ್ಪೆ ದ್ರಾವಣದಲ್ಲಿ ಕಮೋಡ್ ಉಜ್ಜಿದರೆ ಆ ಮಟ್ಟಿಗೆ ಎರಡು ಕೆಲಸ ಆಯ್ತು.

ಟ್ಯಾಂಕ್ ಕಟ್ಟಿಕೊಂಡರೆ ಯಾರನ್ನೂ ಒಳಗಿಳಿಸಬೇಡಿ. ಮೇಲೆ ಹೇಳಿದ ಕೊಳೆತ ಮೊಟ್ಟೆ ಅನಿಲ ಅಲ್ಲಿ ಗಾಢವಾಗಿದ್ದಾಗ ಮೂಗಿಗೆ ವಾಸನೆಯೇ ಹತ್ತೋದಿಲ್ಲ, ಮನುಷ್ಯ ಕುಸಿದು ಬೀಳುತ್ತಾನೆ. ದುಡ್ಡು ಕೊಟ್ಟು ಮನುಷ್ಯರನ್ನು ಇಳಿಸೋದು 2013ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಮೋರಿ, ಕೆರೆ, ಹೊಂಡ: ಹರಿಯುವ ಚರಂಡಿಗೆ ಒಂದು ಬಾಟಲಿ ಹುಯ್ದರೆ ಅದು ಹರಿದೇ ಹೋಗುತ್ತೆ. ನಿಂತ ಚರಂಡಿಯಾದರೆ ಮೊದಲು ಹೂಳು ಎತ್ತಿಸಿ, ನೀರು ಹರಿಯುವ ಹಾಗೆ ಮಾಡಿ, ಆಮೇಲೆ ದ್ರಾವಣದ ಮಾತು. ಕೆರೆಗೆ ಸುರಿಯೋ ಉತ್ಸಾಹ ಇದ್ದರೆ ಥಾಯ್ಲೆಂಡಿನ ಅನುಭವ ಕೇಳಿ. 2011ರ ಮಹಾಪ್ರವಾಹದಲ್ಲಿ ಅಲ್ಲಿನ ಊರುಗಳಲ್ಲಿ ನೆರೆನೀರು ನಿಂತು ನಾರತೊಡಗಿತು. ಜನ ಸಾವಿರಾರು ಸಂಖ್ಯೆಯಲ್ಲಿ ಮಣ್ಣು, ತೌಡು, ಇ.ಎಂ. ದ್ರಾವಣ ಕಲಸಿ ಉಂಡೆ ಕಟ್ಟಿ ನೀರಿಗೆ ಎಸೆದರು. ಅಲ್ಲಿನ ವಿಜ್ಞಾನಿಗಳೇ ತಕರಾರು ತೆಗೆದರು. ಉಂಡೆಯಲ್ಲಿರೋ ತೌಡು, ಬೆಲ್ಲದ ಪಾಕ ಇವೂ ಕೊಳೆಯೋ ಪದಾರ್ಥವೇ, ಅವನ್ನು ತಿನ್ನೋಕೆ ಜೀವಾಣುಗಳು ನೀರಿನ ಆಮ್ಲಜನಕವನ್ನೇ ಇನ್ನಷ್ಟು ಹೀರುತ್ತವೆ, ನಿಂತ ನೀರು ಮತ್ತೂ ಕೆಡಬಹುದು ಅನ್ನೋದು ಅವರ ವಾದ. ಸರಿಯಾದ ಮಾತು. ಬೆಲ್ಲದ ನೀರು ಹಾಕುತ್ತಾ ಹೋದರೆ ಅದೂ ಒಂದು ಕೊಳೆಯೇ ಅಲ್ವಾ?

ದುರ್ಗದ ಕೋಟೆಯನ್ನೇ ನೋಡಿ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ ನೀರು ಇಳಿಯುವ ಹಾಗೆ ಮಾಡಿದ್ದರು. ಓಬವ್ವ ಒನಕೆ ಹಿಡಿಯೋ ಮುಂಚೆ ಹಿಡಿದಿದ್ದು ನೀರಿನ ಕೊಡ, ಗಂಡನ ಊಟಕ್ಕೆ ನೀರು ತರಲು ಹೊರಟಾಗಲೇ ಅಲ್ಲವೇ ಕಿಂಡಿಯ ಸದ್ದು ಕೇಳಿದ್ದು? ಅಂಥ ಹೊಂಡಗಳಿಗೆ ನಾಲ್ಕು ಡ್ರಂ ದ್ರಾವಣ ಸುರಿದು ಫೋಟೋ ತೆಗೆಸಿಕೊಳ್ಳೋದಕ್ಕಿಂತ, ಒಳಗೆ ಬೀಳುವ ಕಸ ಮತ್ತು ಮೋರಿ ನೀರು ತಡೆದರೆ ಅರ್ಧ ಕಾಯಿಲೆ ವಾಸಿ.

ಕುಡಿಯೋ ನೀರಿಗೆ ಬೇಡವೇ ಬೇಡ

2023ರ ಆಗಸ್ಟ್ ಮೊದಲ ವಾರ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಆದದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು, ಹಲವರು ಪ್ರಾಣ ಕಳೆದುಕೊಂಡರು. ಅದಕ್ಕೇ ಹೇಳೋದು, ನೀರು ತಿಳಿಯಾಯಿತು, ವಾಸನೆ ಹೋಯಿತು ಅಂದ ಮಾತ್ರಕ್ಕೆ ಶುದ್ಧವಾಯಿತು ಅಂತಲ್ಲ. ಹುದುಗಿಸಿದ ದ್ರಾವಣ ಕಾಲರಾ, ಟೈಫಾಯ್ಡ್ ರೋಗಾಣುಗಳನ್ನು ಕೊಲ್ಲುತ್ತೆ ಅಂತ ನೆಚ್ಚಿಕೊಳ್ಳೋ ಹಾಗಿಲ್ಲ. ಕುಡಿಯುವ ನೀರಿಗೆ ಕುದಿಸೋದು ಅಥವಾ ಕ್ಲೋರಿನ್, ಈ ಎರಡೇ. ನಲ್ಲಿ ಪೈಪು ಚರಂಡಿಯೊಳಗೆ ಹಾದು ಹೋಗಿದ್ದರೆ, ನೀರು ಬಿಟ್ಟ ಮೊದಲ ಐದು ನಿಮಿಷ ಕೆಂಪಗೋ ವಾಸನೆಯಾಗಿಯೋ ಬಂದರೆ, ಅವತ್ತೇ ದೂರು ಕೊಡಿ.

ಫ್ಲೋರೈಡ್ ವಿಷಯವೂ ಅಷ್ಟೇ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಇದು ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಅನ್ನೋದು ಭಾರತೀಯ ಮಾನಕ. ಫ್ಲೋರೈಡನ್ನು ಯಾವ ಜೀವಾಣುವೂ ತಿನ್ನೋದಿಲ್ಲ, ಕುದಿಸಿದರೆ ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತೆ ಅಷ್ಟೆ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕು ಅಂತ ಇದೆ. ನಿಮ್ಮ ಪಂಚಾಯಿತಿಗೆ ಹೋಗಿ 'ಆ ಐವರು ಯಾರು, ಕಿಟ್ ಎಲ್ಲಿದೆ' ಅಂತ ಕೇಳಿ. ಕೇಳೋಕೆ ನಾಚಿಕೆ ಯಾಕೆ?

ಹಿತ್ತಲಲ್ಲೇ ಮುಗಿಸೋಣ

ಹಿಂದೆ ಕಲಗಚ್ಚಿನ ಬಾನಿ ಇತ್ತು. ಅಕ್ಕಿ ತೊಳೆದ ನೀರು, ಮುಸುರೆ ನೀರು ದನಕ್ಕೆ, ಬಚ್ಚಲ ನೀರು ಹಿತ್ತಲ ಬಾಳೆಗೆ. ಮೋರಿಗೆ ಹೋಗೋದಕ್ಕೆ ಏನೂ ಉಳೀತಿರಲಿಲ್ಲ! ಈಗ ಮನೆಮನೆಗೆ ನಲ್ಲಿ ಬಂದಿದೆ, ಒಳ್ಳೆಯದೇ. ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಅನ್ನೋ ಲೆಕ್ಕ ಹಿಡಿದರೆ ಐದು ಜನರ ಮನೆಗೆ 275 ಲೀಟರ್. ಅದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಬಚ್ಚಲು, ಅಡುಗೆಮನೆಯಿಂದ ಹೊರಗೆ ಬರುತ್ತೆ. ಸುಮಾರು 190 ಲೀಟರ್! ಬೋರ್‌ವೆಲ್ ಬತ್ತಿದಾಗ ಟ್ಯಾಂಕರಿಗೆ ಕಾದವರಿಗೆ ಇದರ ಬೆಲೆ ಗೊತ್ತು. ವಾಣಿ ವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, 89 ವರ್ಷ ಕಾದ ಮೇಲೆ.

ಅಂಗಳದಲ್ಲಿ ಜಾಗ ಇದ್ದರೆ ಹೀಗೆ ಮಾಡಿ. ಬಚ್ಚಲ ಪೈಪು ಹೊರಬರುವ ಕಡೆ ಮೊದಲು ಒಂದು ಪುಟ್ಟ ತೊಟ್ಟಿ. ಜಿಡ್ಡು, ಅಗುಳು, ಕೂದಲು ಇಲ್ಲೇ ನಿಲ್ಲಬೇಕು. ಅದರ ಬಾಯಿಗೆ ತೆಂಗಿನ ನಾರು ತುರುಕಿ, ಹೊಸದುರ್ಗದವರಿಗೆ ನಾರು ಹುಡುಕಿಕೊಂಡು ಹೋಗಬೇಕಿಲ್ಲ. ತಿಂಗಳಿಗೊಮ್ಮೆ ನಾರು ಬದಲಿಸಿ. ತೊಟ್ಟಿಗೆ ವಾರಕ್ಕೆ ಒಂದು ಲೋಟ ದ್ರಾವಣ, ಹೆಚ್ಚು ಬೇಡ. ಜಿಡ್ಡು ಬೇಗ ಕರಗಿ ನಾರೋದು ಕಡಿಮೆಯಾಗುತ್ತೆ, ನಿಜಕ್ಕೂ ಈ ದ್ರಾವಣ ತನ್ನ ಕೈಲಾದಷ್ಟು ಕೆಲಸ ಮಾಡೋದು ಇಂಥ ಚಿಕ್ಕ ಜಾಗದಲ್ಲೇ. ತೊಟ್ಟಿಯಿಂದ ಹೊರಟ ನೀರು ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು ಹಾಸಿದ ಉದ್ದನೆ ಪಾತಿಗೆ ಹೋಗಲಿ. ಪಾತಿಯಲ್ಲಿ ಕಾಬಾಳೆ, ಕೆಸು, ಬಾಳೆ ನೆಡಿ. ಬೇರಿನ ಸುತ್ತ ತಾವಾಗೇ ಬೆಳೆಯುವ ಜೀವಾಣುಗಳು ಉಳಿದ ಕೆಲಸ ಮುಗಿಸುತ್ತವೆ.

ಮಣ್ಣು ನೋಡಿಕೊಳ್ಳಿ. ಹೊಳಲ್ಕೆರೆ, ಹೊಸದುರ್ಗದ ಕೆಂಪು ಮಣ್ಣಿನಲ್ಲಿ ಇಂಗುಗುಂಡಿ ಚೆನ್ನಾಗಿ ನೀರು ಕುಡಿಯುತ್ತೆ. ಹಿರಿಯೂರು ಸುತ್ತಲಿನ ಎರೆ ಭೂಮಿಯಲ್ಲಿ ನಿಧಾನ, ಗುಂಡಿ ತುಂಬಿ ಮೇಲೆ ಬರುತ್ತೆ. ಅಲ್ಲಿ ಗುಂಡಿಗಿಂತ ಗಿಡದ ಪಾತಿಯೇ ವಾಸಿ. ಎರೆ ಮಣ್ಣಿಗೆ ಬಟ್ಟೆ ಸೋಪಿನ ಪುಡಿಯ ಸೋಡಿಯಂ ಕೂಡ ಶತ್ರು, ಮಣ್ಣು ಗಾರೆಯಂತೆ ಬಿಗಿಯಾಗಿಬಿಡುತ್ತೆ. ಬಟ್ಟೆ ಒಗೆದ ಮೊದಲ ನೀರನ್ನು ಬೇರೆ ಕಡೆ ಬಿಟ್ಟು, ಜಾಲಿಸಿದ ನೀರನ್ನು ಮಾತ್ರ ಗಿಡಕ್ಕೆ ಬಿಡಿ. ಬೋರ್‌ವೆಲ್ ಅಥವಾ ಬಾವಿಯಿಂದ ಗುಂಡಿ ಕನಿಷ್ಠ 50 ಅಡಿ ದೂರ ಇರಲಿ. ಕೊತ್ತಂಬರಿ, ಮೂಲಂಗಿ, ಕ್ಯಾರೆಟ್, ಸೌತೆ, ಹೀಗೆ ಹಸಿಯಾಗಿ ತಿನ್ನೋದಕ್ಕೆ ಈ ನೀರು ಬೇಡ. ತೆಂಗು, ಬಾಳೆ, ನಿಂಬೆ, ಹೂವಿನ ಗಿಡಕ್ಕೆ ಧಾರಾಳ. ಟಾಯ್ಲೆಟ್ ನೀರು ಮಾತ್ರ ಇದಕ್ಕೆ ಸೇರಲೇಬಾರದು. ಬಚ್ಚಲ ನೀರನ್ನು ಡ್ರಮ್ಮಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಹಿಡಿದಿಡಬೇಡಿ, ನಾರುತ್ತೆ, ಸೊಳ್ಳೆ ಮೊಟ್ಟೆ ಇಡುತ್ತೆ. ದ್ರಾವಣ ಹಾಕಿದ್ದೀವಿ ಅಂತ ಸೊಳ್ಳೆ ಬಿಡೋದಿಲ್ಲ.

ಬಾಡಿಗೆ ಮನೆ, ಅಂಗಳವೇ ಇಲ್ಲ ಅನ್ನುವವರು ಬೇಜಾರು ಮಾಡ್ಕೋಬೇಡಿ. ತಟ್ಟೆಯ ಎಂಜಲು ಸಿಂಕಿಗೆ ಬೀಳದ ಹಾಗೆ ಜಾಲರಿ ಹಾಕಿ, ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯದೆ ಹಳೇ ಪೇಪರಲ್ಲಿ ಒರೆಸಿ ಎಸೆಯಿರಿ, ಸೋಪಿನ ಪುಡಿ ಅರ್ಧ ಚಮಚ ಕಡಿಮೆ ಮಾಡಿ. ಬೀದಿಯ ಹತ್ತು ಮನೆಯವರು ಮಾಡಿದರೆ ಮೋರಿಯಲ್ಲೇ ವ್ಯತ್ಯಾಸ ಕಾಣುತ್ತೆ. ಸ್ತ್ರೀಶಕ್ತಿ ಸಂಘದವರು ಸೇರಿ ಜ್ಯೂಸ್ ಅಂಗಡಿಯ ಸಿಪ್ಪೆ ಎತ್ತಿಕೊಂಡು ಬಂದು ಡ್ರಮ್ಮಿನಲ್ಲೇ ದ್ರಾವಣ ಮಾಡಬಹುದು. ನೆಲ ಒರೆಸೋಕೆ ಒಂದು ಬಕೆಟ್ ನೀರಿಗೆ ಎರಡು ಮುಚ್ಚಳ ಸಾಕಾಗುತ್ತೆ. ಮಾರುವುದಾದರೆ 'ಸ್ವಚ್ಛಗೊಳಿಸುವ ದ್ರಾವಣ' ಅಂತ ಮಾತ್ರ ಬರೆಯಿರಿ, 'ರೋಗಾಣುನಾಶಕ' ಅಂತ ಬರೆಯಬೇಡಿ.

ಸೋಸಿದ ಮೇಲೆ ಉಳಿದ ಸಿಪ್ಪೆಯನ್ನು ಎಸೆಯಬೇಡಿ. ಒಂದು ಹಿಡಿಯನ್ನು ಮುಂದಿನ ಬಾಟಲಿಗೆ ಹೆಪ್ಪಾಗಿ ಹಾಕಿ, ಮೂರು ತಿಂಗಳ ಕೆಲಸ ಇನ್ನೂ ಬೇಗ ಮುಗಿಯುತ್ತೆ. ಮಿಕ್ಕಿದ್ದನ್ನು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ, ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಹುಳಿಗೆ ಬೇರು ಸುಟ್ಟೀತು.